ಹಲವು ದೇಶಕ್ಕೊಂದು ಕೋರ್ಸು: ಅಂಕ ಯಾರ ಕೈಲಿ?

ಫಿಜಿಯ ರಾಜಧಾನಿ ಸುವಾದಲ್ಲಿ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಮೇಷ್ಟರು ಪಾಠ ಶುರು ಮಾಡಿದರೆ, ಅದೇ ಕೋರ್ಸಿಗೆ ಸೇರಿದ ಕುಕ್ ದ್ವೀಪಗಳ ವಿದ್ಯಾರ್ಥಿಗೆ ಆಗ ಸೋಮವಾರ ಮಧ್ಯಾಹ್ನ ಹನ್ನೆರಡು. ನಡುವೆ ಅಂತರರಾಷ್ಟ್ರೀಯ ದಿನರೇಖೆ ಹಾಯುತ್ತದೆ. ಸುವಾದ ಸೋಮವಾರದ ತರಗತಿ ಅಲ್ಲಿ ಭಾನುವಾರಕ್ಕೆ ಬೀಳುತ್ತದೆ. ಆ ದ್ವೀಪಗಳಲ್ಲಿ ಭಾನುವಾರ ಚರ್ಚಿಗೆ ಮೀಸಲು. ಅಲ್ಲಿನ ಶುಕ್ರವಾರ ಸುವಾದಲ್ಲಿ ಶನಿವಾರ, ರಜೆ. ಇಬ್ಬರಿಗೂ ಹೊಂದುವ ಕೆಲಸದ ದಿನಗಳು ವಾರಕ್ಕೆ ನಾಲ್ಕೇ. ಸಾಲದ್ದಕ್ಕೆ 2011ರ ಡಿಸೆಂಬರ್ ಕೊನೆಗೆ ಸಮೋವಾ ದೇಶ ವ್ಯಾಪಾರದ ಅನುಕೂಲಕ್ಕೆಂದು ದಿನರೇಖೆಯ ಮತ್ತೊಂದು ಬದಿಗೆ ಬಂದು ಸೇರಿತು. ಆ ವರ್ಷ ಅಲ್ಲಿ ಡಿಸೆಂಬರ್ 30 ಎಂಬ ದಿನವೇ ಇರಲಿಲ್ಲ. ಟೈಮ್‌ಟೇಬಲ್ ಹಾಕುವವರ ಪಾಡು ಊಹಿಸಿಕೊಳ್ಳಿ.

ಈ ಪಾಡನ್ನು ಐದು ದಶಕಕ್ಕೂ ಹೆಚ್ಚು ಕಾಲದಿಂದ ಪಡುತ್ತಿರುವುದು ಯೂನಿವರ್ಸಿಟಿ ಆಫ್ ದಿ ಸೌತ್ ಪೆಸಿಫಿಕ್. 1968ರಲ್ಲಿ ಹುಟ್ಟಿದ ಈ ವಿಶ್ವವಿದ್ಯಾಲಯಕ್ಕೆ ಹನ್ನೆರಡು ನಾಡುಗಳು ಒಟ್ಟಾಗಿ ಒಡೆಯರು. ಫಿಜಿ, ಟೋಂಗಾ, ಸಮೋವಾ, ವನುವಾಟು, ಸಾಲೊಮನ್ ದ್ವೀಪಗಳಂಥವು ತುಸು ದೊಡ್ಡವು. ನಿಯುವೆ, ಟೊಕೆಲಾವ್‌ಗಳ ಜನಸಂಖ್ಯೆ ನಮ್ಮ ಒಂದೆರಡು ಹಳ್ಳಿಗಳಷ್ಟು. ಇವೆಲ್ಲ ಚದುರಿಕೊಂಡಿರುವ ಕಡಲಿನ ಹರವು 3.3 ಕೋಟಿ ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ಹತ್ತು ಭಾರತ. ಒಂದೊಂದು ದ್ವೀಪಕ್ಕೂ ಒಂದೊಂದು ವಿಶ್ವವಿದ್ಯಾಲಯ ಕಟ್ಟುವುದು ಆಗದ ಮಾತು. ಎಲ್ಲರನ್ನೂ ಸುವಾಕ್ಕೆ ಕರೆಸಿಕೊಳ್ಳುವುದೂ ಅಷ್ಟೇ. ಹಾಗಾಗಿ ಮುದ್ರಿತ ಪಾಠ, ರೇಡಿಯೊ ದನಿ, ಆಯಾ ದ್ವೀಪದ ಟ್ಯೂಟರು, ಆಮೇಲೆ ಇಂಟರ್ನೆಟ್ಟು ಎಲ್ಲವನ್ನೂ ಬೆರೆಸಿ ಕಲಿಸುವ ಪದ್ಧತಿ ಅಲ್ಲಿ ಬೆಳೆಯಿತು. ಇಂದು ಬ್ಲೆಂಡೆಡ್ ಕಲಿಕೆ ಎಂದು ಕರೆಯುವುದನ್ನು ಅವರು ಆ ಹೆಸರು ಚಾಲ್ತಿಗೆ ಬರುವ ಮುಂಚೆಯೇ, ಗತ್ಯಂತರವಿಲ್ಲದೆ ಮಾಡುತ್ತಿದ್ದರು.

ಒಂದೇ ಕೋರ್ಸನ್ನು ಹಲವು ದೇಶಗಳ ಕ್ಯಾಂಪಸ್ಸುಗಳಲ್ಲಿ ಕಲಿಸುವುದು ಈಗ ಬೆಂಗಳೂರಿಗೂ ಬಂದಿರುವ ಸಂಗತಿ. ಬ್ರಿಟನ್ನಿನ ಲಿವರ್‌ಪೂಲ್ ವಿಶ್ವವಿದ್ಯಾಲಯ ಇಲ್ಲಿ ಕ್ಯಾಂಪಸ್ ತೆರೆಯಲು 2025ರಲ್ಲಿ ಅನುಮತಿ ಪಡೆದು, 2026ರ ಆಗಸ್ಟಿಗೆ ತರಗತಿ ಆರಂಭಿಸುವ ಯೋಜನೆ ಪ್ರಕಟಿಸಿತು. ಆಸ್ಟ್ರೇಲಿಯದ ಡೀಕಿನ್ ಮತ್ತು ವುಲಂಗಾಂಗ್ ವಿಶ್ವವಿದ್ಯಾಲಯಗಳು ಗುಜರಾತಿನ ಗಿಫ್ಟ್ ಸಿಟಿಗೆ, ಸೌತಾಂಪ್ಟನ್ ಗುರುಗ್ರಾಮಕ್ಕೆ ಆಗಲೇ ಬಂದಿವೆ. ಇಂಥ ಕಡೆ ಪಾಠದ ಒಂದು ಪಾಲು ಎದುರಿಗೆ, ಇನ್ನೊಂದು ಪಾಲು ತೆರೆಯ ಮೇಲೆ ನಡೆಯುತ್ತದೆ ಎಂದಾಗ ಜನ ಮೊದಲು ಕೇಳುವುದು ನೆಟ್‌ವರ್ಕ್ ಹೇಗಿದೆ, ಯಾವ ಆ್ಯಪು ಎಂದು. ಈವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದರೆ ಅದು ಎಲ್ಲಕ್ಕಿಂತ ಸುಲಭದ ಪ್ರಶ್ನೆ ಎಂದು ನನಗೆ ಕಾಣುತ್ತದೆ. ಸಿಲೆಬಸ್ ತಿದ್ದುವ ಹಕ್ಕು ಯಾರದು, ಅಂಕ ಹಾಕುವವರು ಯಾರು, ಯಾರ ಗಡಿಯಾರಕ್ಕೆ ಯಾರು ಎದ್ದು ಕೂರಬೇಕು ಎಂಬಲ್ಲಿ ಇಂಥ ಕೋರ್ಸುಗಳು ನಿಂತಿವೆ ಅಥವಾ ಬಿದ್ದಿವೆ.

ತಂತ್ರಜ್ಞಾನದ ಕಥೆಯನ್ನು ಮೊದಲು ಮುಗಿಸಿಬಿಡೋಣ. ಅಮೆರಿಕದ ನಾಸಾ 1966ರ ಡಿಸೆಂಬರಿನಲ್ಲಿ ಹಾರಿಸಿದ ಎಟಿಎಸ್-1 ಎಂಬ ಪ್ರಯೋಗದ ಉಪಗ್ರಹವನ್ನು ಸೌತ್ ಪೆಸಿಫಿಕ್‌ನವರು 1970ರ ದಶಕದಲ್ಲಿ ದ್ವೀಪಗಳ ನಡುವೆ ಮಾತುಕತೆಗೆ ಬಳಸಿಕೊಂಡರು. ಚಿತ್ರವಿಲ್ಲ, ಬರೀ ದನಿ. ಒಬ್ಬರು ಮಾತು ಮುಗಿಸಿದ ಮೇಲೆ ಇನ್ನೊಬ್ಬರು ಗುಂಡಿ ಒತ್ತಿ ಮಾತಾಡಬೇಕು. 1985ರಲ್ಲಿ ಆ ಉಪಗ್ರಹದ ಸೇವೆ ನಿಂತಿತು. ಜಪಾನ್, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳ ನೆರವಿನಿಂದ 2000ದಲ್ಲಿ ವಿಶ್ವವಿದ್ಯಾಲಯ ಯುಎಸ್‌ಪಿನೆಟ್ ಎಂಬ ತನ್ನದೇ ಉಪಗ್ರಹ ಜಾಲ ಹಾಕಿಕೊಂಡಿತು. ಇದೇ ಸರಣಿಯ ಎಟಿಎಸ್-6 ಉಪಗ್ರಹ ಕನ್ನಡಿಗರಿಗೂ ಹೊಸದಲ್ಲ. 1975-76ರಲ್ಲಿ ಸೈಟ್ ಪ್ರಯೋಗದ ಹೆಸರಿನಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಟೀವಿ ಪಾಠ ತಂದದ್ದು ಅದೇ. ಮುಂದೆ 2004ರ ಸೆಪ್ಟೆಂಬರಿನಲ್ಲಿ ಇಸ್ರೊ ಎಜುಸ್ಯಾಟ್ ಹಾರಿಸಿದಾಗ ಅದರ ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದವುಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಒಬ್ಬ ಅಧ್ಯಾಪಕರು ಸ್ಟುಡಿಯೊದಲ್ಲಿ, ಕೇಳುವವರು ರಾಜ್ಯದುದ್ದಕ್ಕೂ ಹಂಚಿಹೋದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ. ದೂರದ ಕ್ಯಾಂಪಸ್ಸುಗಳಿಗೆ ಒಂದೇ ಪಾಠ ಮುಟ್ಟಿಸುವ ಕೌಶಲ ಕರ್ನಾಟಕಕ್ಕೆ ಹೊರಗಿನಿಂದ ಬರಬೇಕಾಗಿಲ್ಲ.

ತಂತಿ ಹರಿಯುವುದಂತೂ ಇಂದಿಗೂ ಇದ್ದದ್ದೇ. 2022ರ ಜನವರಿ 15ರಂದು ಹುಂಗಾ ಟೋಂಗಾ ಜ್ವಾಲಾಮುಖಿ ಸಿಡಿದಾಗ ಟೋಂಗಾದ ಸಮುದ್ರದಡಿಯ ಕೇಬಲ್ ತುಂಡಾಯಿತು. ಮುಖ್ಯ ದ್ವೀಪಕ್ಕೆ ಸಂಪರ್ಕ ಮರಳಲು ಐದು ವಾರ ಹಿಡಿಯಿತು. ಆನ್‌ಲೈನ್ ಪಾಠವನ್ನೇ ನಂಬಿದ ಕೋರ್ಸಾದರೆ ಅರ್ಧ ಸೆಮಿಸ್ಟರ್ ಅಲ್ಲೇ ಮುಗಿದಂತೆ. ಅಚ್ಚಾದ ಪಾಠದ ಪುಸ್ತಕ ಮತ್ತು ಊರಲ್ಲೇ ಇರುವ ಟ್ಯೂಟರು ಇಂಥ ಹೊತ್ತಿಗೆ ಹಳೆಯ ಕಾಲದ ಉಳಿಕೆಗಳಂತೆ ಕಾಣುವುದಿಲ್ಲ. ಮಿಶ್ರ ಕಲಿಕೆಯಲ್ಲಿ ಎದುರುಬದುರಿನ ಪಾಲನ್ನು ಉಳಿಸಿಕೊಳ್ಳಲು ಶಿಕ್ಷಣಶಾಸ್ತ್ರದ ಕಾರಣಗಳು ಎಷ್ಟಿವೆಯೋ, ಇಂಥ ಒರಟು ಕಾರಣಗಳೂ ಅಷ್ಟೇ ಇವೆ.

ಇನ್ನು ಮುಖ್ಯ ವಿಷಯ. ದೇಶ ದಾಟುವ ಕೋರ್ಸುಗಳಲ್ಲಿ ಎರಡು ಕುಲಗಳಿವೆ. ಮೊದಲನೆಯದು ಶಾಖಾ ಕ್ಯಾಂಪಸ್ಸಿನದು. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯ 1998ರಲ್ಲಿ ಮಲೇಷ್ಯಾಕ್ಕೆ ಹೋಯಿತು. ಆ ದೇಶದಲ್ಲಿ ಬಾಗಿಲು ತೆರೆದ ಮೊದಲ ವಿದೇಶಿ ವಿಶ್ವವಿದ್ಯಾಲಯ ಅದು. ಬ್ರಿಟನ್ನಿನ ನಾಟಿಂಗ್‌ಹ್ಯಾಮ್ 2000ದಲ್ಲಿ ಮಲೇಷ್ಯಾದಲ್ಲಿ, 2004ರಲ್ಲಿ ಚೀನಾದ ನಿಂಗ್ಬೊದಲ್ಲಿ ಕ್ಯಾಂಪಸ್ ತೆರೆಯಿತು. ಇಲ್ಲಿ ಮಾರುವ ಸರಕು ಸಮಾನತೆ: ಕೌಲಾಲಂಪುರದ ಬಳಿ ಓದಿದರೂ ಕೈಗೆ ಸಿಗುವುದು ಮೆಲ್ಬರ್ನ್‌ನದೇ ಪದವಿ. ಆ ಮಾತು ಉಳಿಸಿಕೊಳ್ಳಬೇಕೆಂದರೆ ಸಿಲೆಬಸ್ ಒಂದೇ, ಸ್ಲೈಡುಗಳು ಒಂದೇ, ಪ್ರಶ್ನೆಪತ್ರಿಕೆ ಒಂದೇ ಇರಬೇಕು. ಮುಖ್ಯ ಕ್ಯಾಂಪಸ್ಸಿನ ಒಬ್ಬರು ಕೋರ್ಸಿನ ಯಜಮಾನರು, ಮಿಕ್ಕವರು ಅವರ ಪಾಠವನ್ನು ತಮ್ಮ ಊರಲ್ಲಿ ನಡೆಸಿಕೊಡುವವರು. ಮಲೇಷ್ಯಾದಲ್ಲಿನ ಒಂದು ಆಸ್ಟ್ರೇಲಿಯನ್ ಕ್ಯಾಂಪಸ್ಸಿನ ಅಧ್ಯಾಪಕರ ಅನುಭವಗಳನ್ನು ಕುರಿತು ಕ್ಯಾಟಲಿನ್ ಡೋಬೋಸ್ 2011ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಇಟ್ಟ ಹೆಸರಿನ ಸಾರ, ಇಬ್ಬರು ಯಜಮಾನರ ಸೇವೆ ಎಂದು. ಒಂದು ಕಡೆ ಸ್ಥಳೀಯ ಆಡಳಿತ, ಇನ್ನೊಂದು ಕಡೆ ಸಾವಿರಾರು ಮೈಲಿ ದೂರದ ಕೋರ್ಸ್ ಮುಖ್ಯಸ್ಥರು. ನಮ್ಮ ಅಫಿಲಿಯೇಟೆಡ್ ಕಾಲೇಜುಗಳಲ್ಲಿ ಪಾಠ ಮಾಡಿದವರಿಗೆ ಈ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ.

ಪ್ರಶ್ನೆಪತ್ರಿಕೆ ಒಂದೇ ಎಂಬುದು ಕೇಳಲು ನ್ಯಾಯವಾಗಿದೆ. ನವೆಂಬರಿನಲ್ಲಿ ಮೆಲ್ಬರ್ನ್ ಮಲೇಷ್ಯಾಕ್ಕಿಂತ ಮೂರು ಗಂಟೆ ಮುಂದಿರುತ್ತದೆ. ಅಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷೆ ಎಂದರೆ ಮಲೇಷ್ಯಾದ ಹುಡುಗರು ಆರಕ್ಕೆ ಕೂರಬೇಕು. ತಡವಾಗಿ ಕೂರಿಸಿದರೆ ಪ್ರಶ್ನೆಗಳು ವಾಟ್ಸ್‌ಆ್ಯಪಿನಲ್ಲಿ ಮುಂಚೆಯೇ ಬಂದುಬಿಡುತ್ತವೆ. ಬೇರೆ ಪತ್ರಿಕೆ ತೆಗೆದರೆ ಎರಡೂ ಸಮ ತೂಕದವು ಎಂದು ಸಾಧಿಸಿ ತೋರಿಸಬೇಕು. ಉತ್ತರಪತ್ರಿಕೆಗಳ ಮಾಡರೇಷನ್ ಬೇರೆ: ಸ್ಥಳೀಯರು ತಿದ್ದಿದ ಪತ್ರಿಕೆಗಳ ಮಾದರಿ ಮುಖ್ಯ ಕ್ಯಾಂಪಸ್ಸಿಗೆ ಹೋಗುವುದು, ಅಲ್ಲಿಂದ ಒಪ್ಪಿಗೆ ಬಂದ ಮೇಲೆ ಅಂಕ ಪ್ರಕಟವಾಗುವುದು ಸಾಮಾನ್ಯ ಕ್ರಮ. ಪಾಠಕ್ಕಿಂತ ಈ ಓಡಾಟಕ್ಕೇ ಹೆಚ್ಚು ಹೊತ್ತು ಹಿಡಿಯುವ ಸೆಮಿಸ್ಟರುಗಳಿರುತ್ತವೆ.

ಆದರೆ ಒಂದೇ ಪ್ರಶ್ನೆಗೆ ಎಲ್ಲೆಡೆ ಒಂದೇ ಸರಿಯುತ್ತರವಿದೆಯೇ? ವಾಣಿಜ್ಯ ಕಾನೂನಿನ ಕೋರ್ಸನ್ನೇ ತೆಗೆದುಕೊಳ್ಳಿ. ನೆರೆಯವರು ನಮ್ಮ ಕೆಲಸವೊಂದನ್ನು ಕೇಳದೆಯೇ ಮಾಡಿಕೊಟ್ಟರು. ಆಮೇಲೆ ನಾವು ಇದಕ್ಕೆ ಇಷ್ಟು ಹಣ ಕೊಡುತ್ತೇವೆ ಎಂದು ಮಾತು ಕೊಟ್ಟೆವು. ಆ ಮಾತು ಕಾನೂನಿನಲ್ಲಿ ನಿಲ್ಲುತ್ತದೆಯೇ? ಹಿಂದೆ ಮಾಡಿ ಮುಗಿಸಿದ ಕೆಲಸ ಒಪ್ಪಂದಕ್ಕೆ ಪ್ರತಿಫಲವಾಗದು ಎಂಬುದು ಇಂಗ್ಲೆಂಡಿನ ಸಾಮಾನ್ಯ ನಿಯಮ. ಅಲ್ಲಿನ ವಿದ್ಯಾರ್ಥಿ ಇಲ್ಲ ಎಂದು ಬರೆದರೆ ಅಂಕ. ನಮ್ಮ 1872ರ ಒಪ್ಪಂದ ಕಾಯ್ದೆ ಇಂಥ ಮಾತನ್ನು ಎತ್ತಿಹಿಡಿಯುತ್ತದೆ. ಮಲೇಷ್ಯಾದ 1950ರ ಕಾಯ್ದೆ ನಮ್ಮದರ ಅಚ್ಚಿನಲ್ಲೇ ಎರಕಹೊಯ್ದದ್ದಾದ್ದರಿಂದ ಅಲ್ಲಿಯೂ ಹಾಗೆಯೇ. ಇಂಗ್ಲೆಂಡಿನ ಸರಿಯುತ್ತರ ಕೌಲಾಲಂಪುರದಲ್ಲೂ ಬೆಂಗಳೂರಿನಲ್ಲೂ ತಪ್ಪಾಗುತ್ತದೆ. ಇಂಥ ಕಡೆ ಸ್ಥಳೀಯ ಅಧ್ಯಾಪಕರಿಗೆ ಸಿಲೆಬಸ್ ಮುಟ್ಟುವ ಹಕ್ಕಿಲ್ಲದಿದ್ದರೆ ಅವರಿಗೆ ಉಳಿಯುವ ದಾರಿ ಒಂದೇ: ಪರೀಕ್ಷೆಗೆ ಹೀಗೆ ಬರೆಯಿರಿ, ಕೋರ್ಟಿಗೆ ಹೋದಾಗ ಹಾಗೆ ವಾದಿಸಿ ಎಂದು ಹೇಳಿಕೊಡುವುದು.

ಇದಕ್ಕೆ ಎದುರಾಗಿ ಸೌತ್ ಪೆಸಿಫಿಕ್‌ನವರ ಕಾನೂನು ವಿಭಾಗವನ್ನು ನೋಡಬೇಕು. ಅದು ಇರುವುದು ಸುವಾದಲ್ಲಲ್ಲ, ವನುವಾಟುವಿನ ಪೋರ್ಟ್ ವಿಲಾದ ಎಮಾಲಸ್ ಕ್ಯಾಂಪಸ್ಸಿನಲ್ಲಿ. 1980ರವರೆಗೆ ಇಂಗ್ಲಿಷರೂ ಫ್ರೆಂಚರೂ ಜಂಟಿಯಾಗಿ ಆಳಿದ ಆ ನಾಡಿಗೆ ಎರಡೂ ಕಾನೂನು ಪರಂಪರೆಗಳ ಬಾಲ ಅಂಟಿದೆ. ಮೇಲೆ ಕುಲದ ರೂಢಿಯ ಕಾನೂನು, ಭೂಮಿಯ ಒಡೆತನವಂತೂ ಪೂರಾ ರೂಢಿಯದೇ. ಹನ್ನೆರಡು ನಾಡುಗಳ ವಿದ್ಯಾರ್ಥಿಗಳಿರುವ ಕೋರ್ಸಿನಲ್ಲಿ ಯಾವ ಒಂದು ನಾಡಿನ ಕಾನೂನನ್ನೂ ಮನೆಯ ಕಾನೂನು ಎಂದು ಹಿಡಿಯಲು ಬರುವುದಿಲ್ಲ. ಆದ್ದರಿಂದ ಹೋಲಿಕೆಯೇ ಪಾಠದ ಬೆನ್ನೆಲುಬು. ಅದಕ್ಕೆ ಬೇಕಾದ ತೀರ್ಪುಗಳು, ಕಾಯ್ದೆಗಳು ಆಯಾ ದ್ವೀಪಗಳಲ್ಲಿ ಸಿಗುವುದು ಕಷ್ಟವಾದ್ದರಿಂದ ಪ್ಯಾಕ್‌ಲಿ ಎಂಬ ಮುಕ್ತ ಆನ್‌ಲೈನ್ ಕಾನೂನು ಭಂಡಾರವನ್ನು ಅವರೇ ನಡೆಸುತ್ತಾರೆ. ಟೋಂಗಾದ ವಕೀಲರೂ ನ್ಯಾಯಾಧೀಶರೂ ಅದನ್ನೇ ನೋಡುತ್ತಾರೆ. ಕೋರ್ಸಿಗಾಗಿ ಕಟ್ಟಿದ್ದು ಇಡೀ ಪ್ರದೇಶದ ನ್ಯಾಯಾಂಗಕ್ಕೆ ಒದಗಿತು. ತೆರೆ, ಉಪಗ್ರಹ, ಸಾಫ್ಟ್‌ವೇರು ಎಲ್ಲ ಬೇರೆಡೆಯೂ ಉಂಟು. ಒಡೆತನ ಹಂಚಿಹೋಗಿದ್ದರಿಂದ ಪಾಠವೂ ಹಂಚಿಹೋಯಿತು ಎಂಬುದೇ ಇಲ್ಲಿನ ವಿಶೇಷ.

ಎಲ್ಲವೂ ಸುಸೂತ್ರ ಎಂದಲ್ಲ. ಸುವಾದ ತೂಕ ಹೆಚ್ಚಾಯಿತೆಂಬ ಗೊಣಗು ಸಣ್ಣ ದ್ವೀಪಗಳಲ್ಲಿ ಹಳೆಯದು. 2021ರ ಫೆಬ್ರುವರಿಯಲ್ಲಿ ಫಿಜಿ ಸರ್ಕಾರ ವಿಶ್ವವಿದ್ಯಾಲಯದ ಕುಲಪತಿ ಪಾಲ್ ಅಹ್ಲುವಾಲಿಯಾ ಅವರನ್ನು ದೇಶದಿಂದಲೇ ಹೊರಹಾಕಿತು. ಉಳಿದ ಒಡೆಯರು ಅವರ ಕೈಬಿಡಲಿಲ್ಲ. ಅವರು ನೌರುವಿನಿಂದ, ಆಮೇಲೆ ಸಮೋವಾದಿಂದ ಆಡಳಿತ ನಡೆಸಿದರು. ದೂರಶಿಕ್ಷಣ ಕೊಡುವ ವಿಶ್ವವಿದ್ಯಾಲಯದ ಕುಲಪತಿಯೇ ದೂರದಿಂದ ಕೆಲಸ ಮಾಡಬೇಕಾಗಿ ಬಂದದ್ದು ವಿಚಿತ್ರವಾದರೂ, ಒಂದು ಸರ್ಕಾರ ಮುನಿದರೆ ಮುಚ್ಚಿಹೋಗದಂಥ ರಚನೆ ಅದು ಎಂಬುದೂ ಅದರಿಂದಲೇ ಸಾಬೀತಾಯಿತು. ಒಬ್ಬನೇ ಒಡೆಯನಿರುವ ಶಾಖೆಗಳ ಗತಿ ಹೀಗಲ್ಲ. ಮೊನಾಶ್ 2001ರಲ್ಲಿ ದಕ್ಷಿಣ ಆಫ್ರಿಕದಲ್ಲಿ ತೆರೆದ ಕ್ಯಾಂಪಸ್ಸಿನಿಂದ ಎರಡು ದಶಕದೊಳಗೆ ಹೊರಬಂದಿತು.

ಎರಡನೆಯ ಕುಲ ಶಾಖೆಗಳದ್ದಲ್ಲ, ಜೋಡಿಗಳದ್ದು. ಅಮೆರಿಕದ ಎಂಐಟಿಯ ಫ್ರೆಂಚ್ ಅಧ್ಯಾಪಕಿ ಗಿಲ್ಬರ್ಟ್ ಫರ್ಸ್ಟೆನ್‌ಬರ್ಗ್ ಮತ್ತು ಸಂಗಡಿಗರು 1997ರಲ್ಲಿ ಕುಲ್ತೂರಾ ಎಂಬ ಪ್ರಯೋಗ ಆರಂಭಿಸಿದರು. ಫ್ರೆಂಚ್ ಕಲಿಯುವ ಅಮೆರಿಕನ್ನರು ಒಂದು ಕಡೆ, ಇಂಗ್ಲಿಷ್ ಕಲಿಯುವ ಫ್ರೆಂಚರು ಇನ್ನೊಂದು ಕಡೆ. ಇಬ್ಬರಿಗೂ ಒಂದೇ ಪ್ರಶ್ನಾವಳಿ. ಅಂಗಡಿಯಲ್ಲಿ ತಾಯಿಯೊಬ್ಬಳು ಮಗುವಿಗೆ ಹೊಡೆಯುವುದನ್ನು ಕಂಡರೆ ನೀವೇನು ಮಾಡುತ್ತೀರಿ ಎಂಬಂಥ ಸನ್ನಿವೇಶಗಳು. ಎರಡೂ ಕಡೆಯ ಉತ್ತರಗಳನ್ನು ಅಕ್ಕಪಕ್ಕ ಇಟ್ಟಾಗ ಎದ್ದುಕಾಣುವ ಅಂತರವೇ ಮುಂದಿನ ವಾರಗಳ ಪಾಠ. ತರಗತಿಯಲ್ಲಿ ತಮ್ಮತಮ್ಮೊಳಗೆ ಮಾತು, ಆನ್‌ಲೈನಿನಲ್ಲಿ ಆಚೆಯವರೊಡನೆ ಬರಹ. ಇದರಲ್ಲಿ ಒಂದು ಜಾಣ ನಿಯಮವಿತ್ತು: ಎಲ್ಲರೂ ತಮ್ಮ ತಾಯ್ನುಡಿಯಲ್ಲೇ ಬರೆಯಬೇಕು. ಕಲಿಯುವ ಭಾಷೆಯಲ್ಲಿ ತಡವರಿಸುವವನ ವಿಚಾರವೂ ತಡವರಿಸುತ್ತದೆ. ತಾಯ್ನುಡಿಯಲ್ಲಿ ಬರೆದರೆ ಇಬ್ಬರೂ ಸಮ, ಮತ್ತು ಓದುವವನಿಗೆ ಅಸಲಿ ಭಾಷೆ ಸಿಕ್ಕಂತೆ. ನೇರ ಮಾತುಕತೆ ಕಡಿಮೆ ಇಟ್ಟು ಬರಹಕ್ಕೆ ಒತ್ತು ಕೊಟ್ಟದ್ದರಿಂದ ಗಡಿಯಾರದ ಜಗಳವೂ ತಪ್ಪಿತು. ಇಂಥ ಯಾವ ಕೋರ್ಸಿನ ವಿನ್ಯಾಸಕ್ಕೆ ಕೈಹಾಕುವವರೂ ಮೊದಲು ನೋಡಬೇಕಾದ್ದು ಈ ಹಳೆಯ ಪ್ರಯೋಗವನ್ನೇ ಎಂದು ನನ್ನ ಅಭಿಪ್ರಾಯ.

ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ 2006ರಲ್ಲಿ ಕಾಯಿಲ್ ಎಂಬ ಕೇಂದ್ರ ತೆರೆದು ಈ ಜೋಡಿ ಪದ್ಧತಿಗೆ ಒಂದು ಚೌಕಟ್ಟು ಕೊಟ್ಟಿತು. ಅದರ ಹಿಂದಿದ್ದ ಜಾನ್ ರೂಬಿನ್ ಸಿನಿಮಾ ಕಲಿಸುತ್ತಿದ್ದವರು. ಎರಡು ದೇಶಗಳ ಇಬ್ಬರು ಮೇಷ್ಟರು ತಮ್ಮತಮ್ಮ ಕೋರ್ಸಿನೊಳಗೆ ಕೆಲವು ವಾರಗಳ ಜಂಟಿ ಘಟಕವೊಂದನ್ನು ಇಟ್ಟುಕೊಳ್ಳುತ್ತಾರೆ. ಎರಡೂ ಕಡೆಯ ಹುಡುಗರು ಸೇರಿ ಒಂದು ಕೆಲಸ ಮಾಡುತ್ತಾರೆ. ಅಂಕವನ್ನು ಅವರವರ ಮೇಷ್ಟರೇ ಅವರವರ ನಿಯಮದಂತೆ ಹಾಕುತ್ತಾರೆ. ಖರ್ಚಿಲ್ಲ, ವೀಸಾ ಬೇಡ, ಅಧ್ಯಯನ ಮಂಡಳಿಯ ಮುಂದೆ ಹೋಗುವುದೂ ಬೇಡ. ಜಗತ್ತಿನಾದ್ಯಂತ ಇದು ಹಬ್ಬಿದ್ದಕ್ಕೆ ಇದೇ ಕಾರಣ. ಅಂಕದ ತಂಟೆಗೆ ಹೋಗದೆ ಇದ್ದುದೇ ಅದರ ಬಲ. ಮಿತಿಯೂ ಅದೇ: ಪದವಿಯ ಲೆಕ್ಕಕ್ಕೆ ಬಂದಾಗ ಕೋರ್ಸು ಎರಡಾಗಿಯೇ ಉಳಿಯುತ್ತದೆ.

ಅಂಕದ ಅಂತರ ಹುಡುಗರ ನಡುವಿನ ಸಂಬಂಧವನ್ನೂ ಕೆಡಿಸಬಲ್ಲದು. ಅಮೆರಿಕ ಮತ್ತು ಜರ್ಮನಿಯ ವಿದ್ಯಾರ್ಥಿಗಳ ಇಂಥದೊಂದು ಜಂಟಿ ಕೆಲಸವನ್ನು ಜೂಲಿ ಬೆಲ್ಟ್ಸ್ 2002ರಲ್ಲಿ ಪರಿಶೀಲಿಸಿ ಬರೆದರು. ಅಮೆರಿಕದ ಸೆಮಿಸ್ಟರ್ ಆಗಸ್ಟ್ ಕೊನೆಗೆ ಶುರುವಾದರೆ ಜರ್ಮನಿಯ ಚಳಿಗಾಲದ ತರಗತಿಗಳು ಅಕ್ಟೋಬರ್ ನಡುವಿಗೆ. ಡಿಸೆಂಬರಿಗೆ ಅಮೆರಿಕದವರದು ಮುಗಿಯುತ್ತದೆ, ಜರ್ಮನಿಯವರದು ಇನ್ನೂ ನಡೆದಿರುತ್ತದೆ. ಒಂದು ಕಡೆ ಪ್ರತಿ ಇಮೇಲಿಗೂ ಅಂಕದ ಲೆಕ್ಕ, ಇನ್ನೊಂದು ಕಡೆ ಅಷ್ಟು ಬಿಗಿಯಿಲ್ಲ. ಉತ್ತರ ತಡವಾದರೆ ಆಚೆಯವರು ಸೋಮಾರಿಗಳು ಎನ್ನಿಸುತ್ತದೆ. ತೀರ ಬೇಗ ಬಂದರೆ ಇವರಿಗೆ ಅಂಕದ ಹುಚ್ಚು ಎನ್ನಿಸುತ್ತದೆ. ಸಂಸ್ಥೆಗಳ ನಿಯಮ ಮಾಡಿದ ಕಿತಾಪತಿಯನ್ನು ಹುಡುಗರು ದೇಶದ ಗುಣ ಎಂದು ತಿಳಿದುಬಿಡುತ್ತಾರೆ. ಪರಸ್ಪರ ಅರಿವು ಬೆಳೆಯಲಿ ಎಂದು ಶುರುಮಾಡಿದ್ದು ಪೂರ್ವಗ್ರಹ ಗಟ್ಟಿಮಾಡಿ ಮುಗಿಯಬಹುದು. ರಾಬರ್ಟ್ ಓಡೌಡ್ ಮತ್ತು ಮಾರ್ಕುಸ್ ರಿಟರ್ 2006ರಲ್ಲಿ ಇಂಥ ವೈಫಲ್ಯಗಳ ಕಾರಣಗಳನ್ನೇ ಕ್ರಮವಾಗಿ ಜೋಡಿಸಿಟ್ಟರು. ಗೆಲುವಿನ ಕಥೆಗಳೇ ಹೆಚ್ಚಾಗಿ ಅಚ್ಚಾಗುವ ಈ ಕ್ಷೇತ್ರದಲ್ಲಿ ಅದು ದೊಡ್ಡ ಉಪಕಾರ.

ಸ್ಟ್ಯಾನ್‌ಫರ್ಡಿನಲ್ಲಿ 1967ರಿಂದ ನಡೆದುಬಂದಿರುವ ಎಂಇ310 ಎಂಬ ಎಂಜಿನಿಯರಿಂಗ್ ವಿನ್ಯಾಸದ ಕೋರ್ಸು ಬೇರೊಂದು ಉತ್ತರ ಕಂಡುಕೊಂಡಿದೆ. ಕಂಪನಿಯೊಂದು ಕೊಟ್ಟ ನಿಜವಾದ ಸಮಸ್ಯೆಯನ್ನು ಹಿಡಿದು ಸ್ಟ್ಯಾನ್‌ಫರ್ಡಿನ ಮೂರುನಾಲ್ಕು ಜನ, ಹೆಲ್ಸಿಂಕಿಯದೋ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್‌ನದೋ ಮೂರುನಾಲ್ಕು ಜನ ಒಂದೇ ತಂಡವಾಗಿ ಇಡೀ ಶೈಕ್ಷಣಿಕ ವರ್ಷ ದುಡಿಯುತ್ತಾರೆ. ಮೊದಲ ಕೆಲಸ ಕಾಗದದ ಸೈಕಲ್ ಕಟ್ಟಿ ರೇಸು ಹಾಕುವುದು. ವರ್ಷದ ಆರಂಭದಲ್ಲಿ ತಂಡ ಮುಖಾಮುಖಿ ಸೇರುತ್ತದೆ, ಜೂನಿನ ಪ್ರದರ್ಶನಕ್ಕೆ ಮತ್ತೆ ಸೇರುತ್ತದೆ. ನಡುವಿನ ತಿಂಗಳುಗಳು ತೆರೆಯ ಮೇಲೆ. ಒಟ್ಟಿಗೆ ಊಟ ಮಾಡಿ, ಒಟ್ಟಿಗೆ ಸೋತು ನಕ್ಕವರ ನಡುವೆ ನಡುರಾತ್ರಿಯ ಜೂಮ್ ಕರೆಯೂ ಸಹನೀಯ. ಯೂರೋಪಿನ ಎರಾಸ್ಮಸ್ ಯೋಜನೆ 2021ರಿಂದ ಇದನ್ನೇ ನಿಯಮ ಮಾಡಿತು: ಕನಿಷ್ಠ ಮೂರು ದೇಶಗಳ ಮೂರು ವಿಶ್ವವಿದ್ಯಾಲಯಗಳು, ಐದರಿಂದ ಮೂವತ್ತು ದಿನ ಎದುರುಬದುರು, ಜೊತೆಗೆ ಕಡ್ಡಾಯ ಆನ್‌ಲೈನ್ ಭಾಗ, ಕನಿಷ್ಠ ಮೂರು ಕ್ರೆಡಿಟ್. ಹಣವಿದ್ದವರಿಗೆ ಇದಕ್ಕಿಂತ ಒಳ್ಳೆಯ ಬೆರಕೆ ನನಗಂತೂ ಕಾಣದು. ರೈಲಿನಲ್ಲಿ ಗಡಿ ದಾಟಬಲ್ಲ ಖಂಡದ ಅನುಕೂಲ ಅದು ಎಂಬುದನ್ನೂ ಮರೆಯಬಾರದು.

ಹಾಗಾದರೆ ಬ್ಲೆಂಡೆಡ್ ಕಲಿಕೆಯಿಂದ ಕಲಿಕೆ ಹೆಚ್ಚುತ್ತದೆ ಎಂಬ ಮಾತಿಗೆ ಆಧಾರವೇನು? ಎಲ್ಲರೂ ಎತ್ತಿಹೇಳುವುದು ಅಮೆರಿಕದ ಶಿಕ್ಷಣ ಇಲಾಖೆಗಾಗಿ ಬಾರ್ಬರಾ ಮೀನ್ಸ್ ಮತ್ತು ಸಂಗಡಿಗರು ಮಾಡಿದ, 2010ರಲ್ಲಿ ಪರಿಷ್ಕೃತವಾಗಿ ಬಂದ ಅಧ್ಯಯನಗಳ ಒಟ್ಟು ವಿಶ್ಲೇಷಣೆಯನ್ನು. ಪೂರ್ತಿ ಆನ್‌ಲೈನ್ ಪಾಠಕ್ಕೂ ತರಗತಿಯ ಪಾಠಕ್ಕೂ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಮಿಶ್ರ ಪಾಠ ಮಾತ್ರ ತರಗತಿಯನ್ನು ಸ್ಪಷ್ಟವಾಗಿ ಹಿಂದಿಕ್ಕಿತು. ಪರಿಣಾಮದ ಅಳತೆ 0.35. ಪ್ರಚಾರದ ಹಾಳೆಗಳಲ್ಲಿ ಬಿಟ್ಟುಹೋಗುವುದು ಅದೇ ಲೇಖಕರು ಕೊಟ್ಟ ಎಚ್ಚರಿಕೆ: ಮಿಶ್ರ ಪದ್ಧತಿಯವರಿಗೆ ಕಲಿಯಲು ಹೆಚ್ಚು ಹೊತ್ತು, ಹೆಚ್ಚಿನ ಸಾಮಗ್ರಿ ಸಿಕ್ಕಿದ್ದವು, ಗೆಲುವನ್ನು ಮಾಧ್ಯಮದ ಲೆಕ್ಕಕ್ಕೇ ಬರೆಯಬೇಡಿ. ಕೋರ್ಸು ರೂಪಿಸುವವರು ಒಂದೂವರೆ ಕೋರ್ಸಿನ ರೋಗ ಎಂದು ಕರೆಯುವುದು ಇದನ್ನೇ. ಹಳೆಯ ತರಗತಿಗಳನ್ನು ಹಾಗೇ ಇಟ್ಟು ಮೇಲೆ ವಿಡಿಯೊ, ಕ್ವಿಜ್, ಚರ್ಚೆಯ ಕಂತುಗಳನ್ನು ಪೇರಿಸುವುದು. ಹುಡುಗರಿಗೆ ಕ್ರೆಡಿಟ್ ಒಂದು ಕೋರ್ಸಿನದು, ಕೆಲಸ ಒಂದೂವರೆಯದು. ಮೇಷ್ಟರಿಗೆ ವರ್ಕ್‌ಲೋಡಿನಲ್ಲಿ ತೋರಿಸಲು ಬರುವುದು ಎದುರಿಗೆ ನಿಂತ ಗಂಟೆಗಳಷ್ಟೇ. ಎರಡು ದೇಶ ಸೇರಿದರೆ ಈ ರೋಗ ಇಮ್ಮಡಿ.

ದೇಶ ದಾಟುವ ಕೋರ್ಸಿನಲ್ಲಿ ಮಾತಾಡಲು ಸ್ವಾತಂತ್ರ್ಯ ಇದೆಯೇ ಎಂಬ ಪ್ರಶ್ನೆ ಇಂಥ ಅಧ್ಯಯನಗಳಲ್ಲಿ ಅಪರೂಪಕ್ಕೆ ಬರುತ್ತದೆ. ಗೂಗಲ್ ಡಾಕ್ಸ್, ಯೂಟ್ಯೂಬ್‌ಗಳ ಮೇಲೆ ನಿಂತ ಕೋರ್ಸು ಚೀನಾದಲ್ಲಿ ಕೂತವರಿಗೆ ತೆರೆಯುವುದೇ ಇಲ್ಲ ಎಂಬುದು ಸಣ್ಣ ತೊಡಕು. 2020ರಲ್ಲಿ ಹಾಂಗ್‌ಕಾಂಗಿಗೆ ರಾಷ್ಟ್ರೀಯ ಭದ್ರತಾ ಕಾನೂನು ಬಂದಾಗ ದೊಡ್ಡ ತೊಡಕು ಕಾಣಿಸಿತು. ಕೋವಿಡ್ಡಿನಿಂದಾಗಿ ವಿದ್ಯಾರ್ಥಿಗಳು ತಂತಮ್ಮ ದೇಶಗಳಿಂದಲೇ ಅಮೆರಿಕದ ತರಗತಿಗಳಿಗೆ ಸೇರುತ್ತಿದ್ದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಚೀನೀ ರಾಜಕೀಯದ ಕೋರ್ಸಿನಲ್ಲಿ ವಿದ್ಯಾರ್ಥಿಗಳು ಬರಹಗಳ ಮೇಲೆ ಹೆಸರಿನ ಬದಲು ಗುಪ್ತ ಸಂಕೇತ ಹಾಕುವ ವ್ಯವಸ್ಥೆ ಮಾಡಿದರು. ತರಗತಿಯ ನಾಲ್ಕು ಗೋಡೆಗಳೊಳಗೆ ಆಡಿದ ಮಾತು ಗಾಳಿಗೆ ಹೋಗುತ್ತದೆ. ರೆಕಾರ್ಡ್ ಆದ ಮಾತು ಇನ್ನೊಂದು ದೇಶದ ಪೊಲೀಸರ ಕೈಗೂ ಹೋಗಬಹುದು. ಧರ್ಮ, ಜಾತಿ, ಗಡಿ ಕುರಿತ ಚರ್ಚೆ ಬರುವ ಯಾವ ಕೋರ್ಸಿಗೂ ಇದು ಅನ್ವಯಿಸುತ್ತದೆ, ನಮ್ಮ ದೇಶವೂ ಅದಕ್ಕೆ ಹೊರತಲ್ಲ. ರೆಕಾರ್ಡಿಂಗ್ ಎಲ್ಲಿರುತ್ತದೆ, ಎಷ್ಟು ದಿನ ಇರುತ್ತದೆ ಎಂದು ಮೊದಲ ತರಗತಿಯಲ್ಲೇ ಹೇಳಿಬಿಡುವುದು ಸೌಜನ್ಯವಲ್ಲ, ಕರ್ತವ್ಯ.

ಕರ್ನಾಟಕದ ಹಳೆಯ ಅನುಭವವೊಂದು ಇಲ್ಲಿ ನೆನಪಿಡುವಂಥದು. ಮಣಿಪಾಲದವರು 1997ರಲ್ಲಿ ಮಲೇಷ್ಯಾದ ಸಹಭಾಗಿತ್ವದಲ್ಲಿ ಮೆಲಾಕಾ ಮಣಿಪಾಲ ವೈದ್ಯಕೀಯ ಕಾಲೇಜು ಶುರುಮಾಡಿದರು. ಮಲೇಷ್ಯಾದ ಹುಡುಗ ಹುಡುಗಿಯರು ಮೊದಲ ಎರಡೂವರೆ ವರ್ಷ ಮಣಿಪಾಲದಲ್ಲಿ ಅಂಗರಚನೆ, ಶರೀರಕ್ರಿಯೆಯಂಥ ಮೂಲ ವಿಷಯ ಓದಿ, ಉಳಿದರ್ಧ ಮೆಲಾಕಾಕ್ಕೆ ಮರಳಿ ಆಸ್ಪತ್ರೆಯಲ್ಲಿ ಕಲಿಯುತ್ತಿದ್ದರು. ತೆರೆಯ ಹಂಗೇ ಇಲ್ಲದ ಹಂಚಿಕೆ ಇದು. ಆದರೆ ಕೊಯ್ದ ಜಾಗ ಸರಿಯಾಗಿತ್ತು: ಶವಛೇದನದ ಮೇಜಿನ ಮುಂದೆ ನಿಂತವನಿಗೆ ಭಾಷೆಯ ತೊಡಕಿಲ್ಲ, ರೋಗಿಯ ಮುಂದೆ ಕೂತಾಗ ರೋಗಿಯ ಭಾಷೆ ಬೇಕು, ಆ ರೋಗಿ ಮಲಯ್ ಆಡುವವನು, ಮುಂದೆ ಈ ವೈದ್ಯ ನೋಡಬೇಕಾದವನೂ ಅವನೇ. ಯಾವ ಭಾಗ ಎಲ್ಲಿಂದ ಬಂದರೂ ನಡೆಯುತ್ತದೆ, ಯಾವುದು ಊರಲ್ಲೇ ಆಗಬೇಕು ಎಂದು ಮೊದಲು ಕೇಳಿಕೊಂಡವರು ಮಾಡಿದ ವಿಂಗಡಣೆ ಅದು. ಬ್ಲೆಂಡೆಡ್ ಕೋರ್ಸಿನ ಹೆಸರಿನಲ್ಲಿ ಇಂದು ಆಗುತ್ತಿರುವುದು ಬಹಳ ಸಲ ತಿರುಗುಮುರುಗು: ಯಾವುದು ಅಗ್ಗವೋ ಅದು ಆನ್‌ಲೈನಿಗೆ.

ನಮ್ಮ ನಿಯಮಗಳೂ ಈ ವಿಚಾರದಲ್ಲಿ ಎರಡು ದನಿಯಲ್ಲಿ ಮಾತಾಡುತ್ತವೆ. ಯುಜಿಸಿ 2021ರಲ್ಲಿ ಹೊರತಂದ ಬ್ಲೆಂಡೆಡ್ ಕಲಿಕೆಯ ಟಿಪ್ಪಣಿ ಒಂದು ಕೋರ್ಸಿನ ಶೇ 40ರವರೆಗೆ ಆನ್‌ಲೈನ್ ಇರಬಹುದು ಎಂದಿತು. ವಿದೇಶಿ ವಿಶ್ವವಿದ್ಯಾಲಯಗಳ ಕ್ಯಾಂಪಸ್ ಕುರಿತ 2023ರ ನಿಯಮಾವಳಿಯಲ್ಲಿ ಆನ್‌ಲೈನ್ ಉಪನ್ಯಾಸಗಳಿಗೆ ಇರುವ ಮಿತಿ ಶೇ 10. ಬೆಂಗಳೂರಿನ ಒಂದು ರಸ್ತೆಯ ಈ ಬದಿಯ ಕಾಲೇಜಿಗೆ ಒಂದು ಲೆಕ್ಕ, ಆ ಬದಿಯದಕ್ಕೆ ಇನ್ನೊಂದು. ಎರಡನೆಯದರ ಹಿಂದಿನ ಭಯ ಅರ್ಥವಾಗುವಂಥದೇ: ಇಲ್ಲಿ ಕಟ್ಟಡ ತೋರಿಸಿ, ಅಲ್ಲಿಂದ ವಿಡಿಯೊ ಬಿಟ್ಟು, ಫೀಸು ಎಣಿಸಿಕೊಳ್ಳಬಾರದು. ಆ ಭಯ ನ್ಯಾಯವಾದದ್ದು. ಆದರೂ ಶೇಕಡಾವಾರಿನಿಂದ ಹಿಡಿಯಬಹುದಾದ ಕಳ್ಳತನ ಇದಲ್ಲ. ಶೇ 10ರೊಳಗೇ ಇದ್ದು, ಎದುರಿಗೆ ನಿಂತ ಅಧ್ಯಾಪಕರನ್ನು ಬರೀ ಸ್ಲೈಡ್ ಓದುವವರನ್ನಾಗಿ ಮಾಡಲು ಬರುತ್ತದೆ. ಶೇ 30 ಆನ್‌ಲೈನ್ ಇಟ್ಟು, ಲಿವರ್‌ಪೂಲಿನ ವಿದ್ಯಾರ್ಥಿಯೂ ಬೆಂಗಳೂರಿನ ವಿದ್ಯಾರ್ಥಿಯೂ ಒಂದೇ ಅಸೈನ್‌ಮೆಂಟನ್ನು ಕೂಡಿ ಮಾಡುವಂತೆಯೂ ಮಾಡಬಹುದು. ಅದಕ್ಕೆ ಈಗಿನ ನಿಯಮದಲ್ಲಿ ಜಾಗ ಕಡಿಮೆ. ಆನ್‌ಲೈನಿನಲ್ಲಿ ಏನು ನಡೆಯುತ್ತದೆ ಎಂದು ನೋಡದೆ ಎಷ್ಟು ನಡೆಯುತ್ತದೆ ಎಂದು ಮಾತ್ರ ಅಳೆಯುವ ನಿಯಮ ಇದು, ಬದಲಾಗಬೇಕು.

ಗಡಿಯಾರದ ಮಟ್ಟಿಗೆ ನಾವು ಪುಣ್ಯವಂತರು. ಬ್ರಿಟನ್ನಿಗೆ ನಾವು ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಮುಂದೆ. ಮೆಲ್ಬರ್ನ್‌ಗೆ ಅಷ್ಟೇ ಹಿಂದೆ. ಎರಡೂ ಕಡೆಯೊಡನೆ ಹಗಲಿನಲ್ಲೇ ತರಗತಿ ಸಾಧ್ಯ. ಅಕ್ಟೋಬರ್ ಕೊನೆಗೆ ಬ್ರಿಟನ್ನಿನವರು ಗಡಿಯಾರ ಹಿಂದಿಟ್ಟಾಗ ನಮ್ಮ ಮಧ್ಯಾಹ್ನ ಒಂದೂವರೆಯ ತರಗತಿ ಎರಡೂವರೆಗೆ ಜಾರುತ್ತದೆ, ಅಷ್ಟೇ. ಕುಕ್ ದ್ವೀಪಗಳವರಿಗೆ ಹೋಲಿಸಿದರೆ ಇದೊಂದು ದೂರೇ ಅಲ್ಲ.

ಆದ್ದರಿಂದ ಮುಂದಿನ ವರ್ಷಗಳಲ್ಲಿ ಮಕ್ಕಳನ್ನು ಇಂಥ ಕ್ಯಾಂಪಸ್ಸಿಗೆ ಸೇರಿಸಲು ಹೊರಟವರಲ್ಲಿ ಒಂದು ವಿನಂತಿ. ಲೈಬ್ರರಿ, ಲ್ಯಾಬು, ತೆರೆಯ ಅಗಲ ಎಲ್ಲ ಅವರೇ ತೋರಿಸುತ್ತಾರೆ. ನೀವು ಕೇಳಬೇಕಾದ್ದು ಬೇರೆ: ಇಲ್ಲಿ ಪಾಠ ಮಾಡುವವರಿಗೆ ಪ್ರಶ್ನೆಪತ್ರಿಕೆ ತೆಗೆಯುವ ಹಕ್ಕಿದೆಯೇ, ಅವರು ಕೊಟ್ಟ ಅಂಕವನ್ನು ತಿದ್ದುವವರು ಯಾರು, ಸಿಲೆಬಸ್ ನಿರ್ಧರಿಸುವ ಮಂಡಳಿಯಲ್ಲಿ ಬೆಂಗಳೂರಿನವರಿಗೆ ಮತವಿದೆಯೇ? ಫೀಸು ಕಟ್ಟುವ ಮುಂಚೆಯೇ ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ.